ನಿಂತಲ್ಲೇ ರನ್

2013ರ ಏಪ್ರಿಲ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕ್ರಿಸ್ ಗೇಲ್ 66 ಎಸೆತಗಳಲ್ಲಿ ಅಜೇಯ 175 ರನ್ ಚಚ್ಚಿದ್ದು ಊರಿಗೆಲ್ಲ ಗೊತ್ತು. 17 ಸಿಕ್ಸರ್, 13 ಬೌಂಡರಿ. ಕೂಡಿಸಿ ನೋಡಿ: 102 ಮತ್ತು 52, ಒಟ್ಟು 154. ಅಂದರೆ 175 ಓಟಗಳಲ್ಲಿ ಈ ಮಹಾನುಭಾವ ಕಾಲೆತ್ತಿ ಓಡಿದ್ದು 21 ಮಾತ್ರ. ಮಿಕ್ಕಿದ್ದನ್ನೆಲ್ಲ ನಿಂತಲ್ಲೇ ನಿಂತು ಸಂಪಾದಿಸಿದ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಓಡಿದವರು ಪುಣೆ ವಾರಿಯರ್ಸ್ ತಂಡದವರು. ಬೌಲರುಗಳು ಅಷ್ಟು ದೂರದಿಂದ ಏದುಸಿರು ಬಿಟ್ಟುಕೊಂಡು ಓಡಿ ಬಂದರು. ಫೀಲ್ಡರುಗಳು ಗಡಿಗೆರೆಯ ತನಕ ಓಡಿ, ತಲೆಯ ಮೇಲೆ ಹಾರಿಹೋದ ಚೆಂಡಿಗೆ ಮುಖವೆತ್ತಿ ನಮಸ್ಕಾರ ಹಾಕಿ, ಸುಮ್ಮನೆ ನಡೆದುಕೊಂಡು ವಾಪಸು ಬಂದರು. ಆ ಓಟಕ್ಕೆ ಸ್ಕೋರುಪಟ್ಟಿಯಲ್ಲಿ ಜಾಗವಿಲ್ಲ. ಓಡಿದವನಿಗೆ ಸೊನ್ನೆ, ನಿಂತವನಿಗೆ ನೂರೆಪ್ಪತ್ತೈದು.

ಇದನ್ನು ಕ್ರಿಕೆಟ್ಟಿನ ಅನ್ಯಾಯ ಅಂದುಕೊಳ್ಳಬೇಡಿ. ಇದು ಇಂಗ್ಲಿಷಿನ ಸ್ವಭಾವ. ಎಲ್ಲಿ ಯಾರೂ ಓಡುತ್ತಿಲ್ಲವೋ ಅಲ್ಲಿ ಆ ಭಾಷೆ ತಪ್ಪದೆ ‘ರನ್’ ಅಂತ ಒಂದು ಬೋರ್ಡು ನೆಟ್ಟುಬಿಡುತ್ತದೆ. ಹಿಂದೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಆಡುವಾಗ ಓಟದ ಲೆಕ್ಕವನ್ನು ಕೋಲಿನ ಮೇಲೆ ಕಚ್ಚು ಹಾಕಿ ಇಡುತ್ತಿದ್ದರು. ಆಗ ಅದರ ಹೆಸರೂ ‘ನಾಚ್’ ಎಂದೇ, ಅಂದರೆ ಕಚ್ಚು. ಪ್ರಾಮಾಣಿಕವಾದ ಹೆಸರು. ಅದು ಹೋಗಿ ರನ್ ಬಂತು, ರನ್ ಬಂದ ಮೇಲೆ ಓಡುವುದು ಹೋಯಿತು.

ಈ ಮೂರಕ್ಷರದ ಪದದ ಜಾತಕವನ್ನು ಪೂರ್ತಿಯಾಗಿ ಬರೆದವರು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪೀಟರ್ ಗಿಲಿವರ್. ಆ ನಿಘಂಟಿನಲ್ಲಿ ಬಹಳ ಕಾಲ ಅತಿ ಉದ್ದದ ನಮೂದು ಅನ್ನಿಸಿಕೊಂಡಿದ್ದು ‘ಸೆಟ್’. 1989ರ ಎರಡನೇ ಆವೃತ್ತಿಯಲ್ಲಿ ಅದಕ್ಕೆ 430 ಅರ್ಥಗಳಿದ್ದವು. ಆಮೇಲೆ ಪರಿಷ್ಕರಣೆ ಶುರುವಾಗಿ ‘ಮೇಕ್’ ಮುಂದೆ ಬಂತು, ಅದನ್ನು ‘ಪುಟ್’ ಹಿಂದೆ ಹಾಕಿತು, 2011ರ ಹೊತ್ತಿಗೆ ಇವೆಲ್ಲವನ್ನೂ ತಳ್ಳಿಕೊಂಡು ರನ್ ಪೀಠವೇರಿತು. ಕ್ರಿಯಾಪದವೊಂದಕ್ಕೇ 645 ಅರ್ಥ. ಅಷ್ಟನ್ನೂ ವಿಂಗಡಿಸಲು ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು. ರನ್ನಿನ ಬೆನ್ನು ಬಿದ್ದು ಒಂಬತ್ತು ತಿಂಗಳು ಬೆವರು ಸುರಿಸಿದ ಈ ಪುಣ್ಯಾತ್ಮ ಕುರ್ಚಿ ಬಿಟ್ಟು ಎದ್ದಿದ್ದು ಕಾಫಿಗೆ ಮಾತ್ರ ಇರಬೇಕು. ತಮಾಷೆ ನೋಡಿ, ಅದೇ 2011ರಲ್ಲಿ ಐಸಿಸಿಯವರು ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಗಾಯಗೊಂಡ ಬ್ಯಾಟ್ಸ್‌ಮನ್ ಪರವಾಗಿ ಓಡುವ ‘ರನ್ನರ್’ ಪದ್ಧತಿಯನ್ನೇ ರದ್ದು ಮಾಡಿದರು. ಪದಕ್ಕೆ ಪಟ್ಟಾಭಿಷೇಕ, ಅದರ ಹೆಸರಿನಲ್ಲಿ ದುಡಿಯುತ್ತಿದ್ದವನಿಗೆ ಗೇಟ್‌ಪಾಸ್.

ಇಂಗ್ಲಿಷಿನಲ್ಲಿ ಚಲನೆಯ ಪದಗಳ ಮನೆತನವೇ ಅನುಮಾನಾಸ್ಪದ. ‘ಗೋ’ ಅನ್ನುವುದಕ್ಕೆ ಸ್ವಂತ ಭೂತಕಾಲವಿಲ್ಲ. ‘ವೆಂಡ್’ ಎಂಬ ಪಕ್ಕದ ಮನೆಯ ಪದದಿಂದ ‘ವೆಂಟ್’ ಅನ್ನು ಎತ್ತಿಕೊಂಡು ಬಂದು ತನ್ನದೇ ಅಂತ ಹೇಳಿಕೊಂಡು ತಿರುಗುತ್ತಿದೆ. ‘ವಾಕ್’ ಮೂಲದಲ್ಲಿ ಉರುಳಾಡುವುದು, ಹೊರಳಾಡುವುದು. ‘ಟ್ರಾವೆಲ್’ ಹುಟ್ಟಿದ್ದು ಮೂರು ಗೂಟಗಳ ಚಿತ್ರಹಿಂಸೆಯ ಉಪಕರಣವೊಂದರ ಲ್ಯಾಟಿನ್ ಹೆಸರಿನಿಂದ. ಹೊರವರ್ತುಲ ರಸ್ತೆಯಲ್ಲಿ ದಿನಾ ಆಫೀಸಿಗೆ ಹೋಗಿ ಬರುವವರಿಗೆ ಈ ಕೊನೆಯದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವುಗಳ ನಡುವೆ ರನ್ ಸ್ವಲ್ಪ ಕುಲೀನವಾಗಿಯೇ ಹುಟ್ಟಿತು. ಹಳೆಯ ಇಂಗ್ಲಿಷಿನಲ್ಲಿ ಅದು ‘ರಿನ್ನನ್’. ಕೆಲವರ ಬಾಯಲ್ಲಿ ‘ಇರ್ನನ್’. ಮುಂದಿದ್ದ ರಕಾರ ಎದ್ದು ಒಳಗೆ ಓಡಿಹೋಗಿ, ಎಷ್ಟೋ ಕಾಲದ ಮೇಲೆ ಮತ್ತೆ ವಾಪಸು ಬಂದಿದೆ. ಪದದ ಚರಿತ್ರೆಯಲ್ಲಿ ಪ್ರಾಮಾಣಿಕವಾಗಿ ಓಡಿದ್ದು ಬಹುಶಃ ಈ ಅಕ್ಷರ ಒಂದೇ. ಮೂಲದ ಅರ್ಥ ಓಡು ಎನ್ನುವುದಕ್ಕಿಂತ ಹರಿ ಎನ್ನುವುದಕ್ಕೆ ಹತ್ತಿರ. ಜರ್ಮನ್ನರು ಇವತ್ತಿಗೂ ನೀರು ಹರಿಯುವುದಕ್ಕೆ ‘ರಿನ್ನೆನ್’ ಅನ್ನುತ್ತಾರೆ. ಬೇರನ್ನು ಇನ್ನೂ ಕೆಳಗೆ ಅಗೆದರೆ, ಹರಿಯುವಂತೆ ಮಾಡು ಎಂಬ ಅರ್ಥದ ಸಂಸ್ಕೃತದ ‘ರಿಣಾತಿ’ಯೂ ಅದೇ ಬೇರಿನದು ಎಂದು ಭಾಷಾಶಾಸ್ತ್ರಜ್ಞರು ತೋರಿಸುತ್ತಾರೆ. ಅಂದಮೇಲೆ ಇದು ನಮ್ಮದೇ, ಕದ್ದವರು ಅವರು ಎಂದು ಭಾಷಣ ಮಾಡುವವರು ಈ ವಾಕ್ಯವನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.

ಕುಲೀನತೆ ಬಹಳ ದಿನ ಉಳಿಯಲಿಲ್ಲ. ಹಾಲಿನ ಕಣಗಳು ಒಂದರ ಕಡೆಗೆ ಒಂದು ಓಡಿ ಬಂದು ಗಟ್ಟಿಯಾಗುತ್ತವೆ ಅಂತ ಹಾಲು ಒಡೆದು ಗಿಣ್ಣಾಗುವುದಕ್ಕೂ ಅದೇ ಕ್ರಿಯಾಪದವನ್ನು ಹಚ್ಚಿದರು. ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆಯುವ ‘ರೆನೆಟ್’ ಅನ್ನುವ ವಸ್ತುವಿನ ಹೆಸರು ಈ ರನ್ನಿನ ಸಂತಾನವೇ. ಹರಿಯುವುದೂ ರನ್, ಹರಿಯದೆ ಹೆಪ್ಪುಗಟ್ಟುವುದೂ ರನ್. ಇಷ್ಟು ಅನುಕೂಲಸಿಂಧು ಪದವೊಂದು ಯಾವತ್ತಾದರೂ ಒಂದು ದಿನ ನಮ್ಮ ಸರ್ಕಾರಿ ಕಚೇರಿಗೆ ಬಂದು ಸೇರಲೇಬೇಕಿತ್ತು. ಸೇರಿತು. ಅದಕ್ಕೆ ಆಮೇಲೆ ಬರೋಣ.

ಮೊದಲು ಬ್ಯಾಂಕು. ಬ್ಯಾಂಕೊಂದು ಮುಳುಗುತ್ತಿದೆ ಎಂದು ಸುದ್ದಿ ಹಬ್ಬಿ ಠೇವಣಿದಾರರೆಲ್ಲ ದುಡ್ಡು ವಾಪಸು ಕೇಳುವುದಕ್ಕೆ ‘ಬ್ಯಾಂಕ್ ರನ್’ ಎಂದು ಹೆಸರು. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿಗೆ ಹೀಗಾಯಿತು. ಆ ದೇಶ ಅಂಥದ್ದನ್ನು 1866ರ ನಂತರ ಕಂಡಿರಲಿಲ್ಲವಂತೆ. ಅವತ್ತಿನ ಫೋಟೋಗಳನ್ನು ನೋಡಿ: ಪಾದಚಾರಿ ಮಾರ್ಗದ ಮೇಲೆ ಸಾಲು. ಸ್ವೆಟರ್ ಹಾಕಿಕೊಂಡ ಹಿರಿಯರು, ಕೈಯಲ್ಲಿ ಪಾಸ್‌ಬುಕ್ಕು, ಕೆಲವರು ಕುರ್ಚಿಯನ್ನೂ ತಂದಿದ್ದಾರೆ. ಒಬ್ಬ ಮನುಷ್ಯನೂ ಓಡುತ್ತಿಲ್ಲ. ಬ್ರಿಟಿಷರು ಓಡುವಾಗಲೂ ಕ್ಯೂ ನಿಲ್ಲುತ್ತಾರೆ. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಲ್ಲಿ ಆಗಿದ್ದು ಇನ್ನೂ ಮಜಾ. ಒಂದೇ ದಿನಕ್ಕೆ ಗ್ರಾಹಕರು ಎತ್ತಲು ಹೊರಟ ಮೊತ್ತ 42 ಶತಕೋಟಿ ಡಾಲರ್. ಬ್ಯಾಂಕು ಮಾರನೇ ದಿನ ಮುಚ್ಚಿತು. ಓಡಿದ್ದು ಹೆಬ್ಬೆರಳುಗಳು, ಅದೂ ಮೊಬೈಲಿನ ಗಾಜಿನ ಮೇಲೆ. ಆ ಬ್ಯಾಂಕಿನಲ್ಲಿ ದುಡ್ಡಿಟ್ಟಿದ್ದ ಬೆಂಗಳೂರಿನ ಸ್ಟಾರ್ಟಪ್‌ನವರೂ ಅವತ್ತು ರಾತ್ರಿ ಹಾಸಿಗೆಯಲ್ಲಿ ಮಲಗಿಕೊಂಡೇ ರನ್ನಿನಲ್ಲಿ ಭಾಗವಹಿಸಿದರು.

ಸ್ಟಾರ್ಟಪ್‌ನವರ ಹತ್ತಿರ ರನ್ನಿಗೆ ಇನ್ನೊಂದು ಅವತಾರವಿದೆ: ‘ರನ್‌ವೇ’. ಕೋರಮಂಗಲದ ಯಾವುದಾದರೂ ಕಾಫಿ ಅಂಗಡಿಯಲ್ಲಿ ಹತ್ತು ನಿಮಿಷ ಕೂತರೆ ಪಕ್ಕದ ಟೇಬಲಿನಿಂದ ಕಿವಿಗೆ ಬೀಳುತ್ತದೆ, “ಮಚ್ಚಾ, ನಿಮ್ದು ರನ್‌ವೇ ಎಷ್ಟಿದೆ?” “ಏಳು ತಿಂಗ್ಳು ಇದೆ ಅಷ್ಟೇ.” ವಿಮಾನವಿಲ್ಲ, ವಿಮಾನ ನಿಲ್ದಾಣವಿಲ್ಲ, ಹಾರುವ ಲಕ್ಷಣ ಮೊದಲೇ ಇಲ್ಲ. ಕೈಯಲ್ಲಿರುವ ದುಡ್ಡು ಖಾಲಿಯಾಗಲು ಇನ್ನೆಷ್ಟು ತಿಂಗಳಿದೆ ಎಂಬ ಮಾತಿಗೆ ಇಷ್ಟು ಗಾಂಭೀರ್ಯದ ಹೆಸರು. ನಮ್ಮ ಹಳ್ಳಿಗಳಲ್ಲಿ ಇದೇ ಪರಿಸ್ಥಿತಿಗೆ “ಇನ್ನೆರಡು ತಿಂಗಳಿಗೆ ಕೈ ಕಚ್ತದೆ” ಅನ್ನುತ್ತಾರೆ. ಹಾಗಂದರೆ ಯಾವ ಹೂಡಿಕೆದಾರ ದುಡ್ಡು ಹಾಕುತ್ತಾನೆ ಹೇಳಿ.

ಯಂತ್ರಗಳ ಕಾಲ ಬಂದ ಮೇಲೆ ರನ್ನಿಗೆ ನಿಜವಾದ ಮೈ ಬಂತು. ಎಂಜಿನ್ ರನ್ ಆಗುತ್ತದೆ, ಗಿರಣಿ ರನ್ ಆಗುತ್ತದೆ, ರೈಲು ರನ್ ಆಗುತ್ತದೆ. ಈ ರೈಲಿನ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು, ಯಾಕೆಂದರೆ ಅದೇ ನಿಧಾನ. ಗಾಡಿ ಊರಾಚೆ ಸಿಗ್ನಲ್ಲಿನಲ್ಲಿ ಮುಕ್ಕಾಲು ಗಂಟೆ ನಿಂತಿದೆ, ಪ್ರಯಾಣಿಕರು ಇಳಿದು ಹಳಿಯ ಪಕ್ಕ ಕಡಲೆಕಾಯಿ ತಿನ್ನುತ್ತಿದ್ದಾರೆ. ಇಲಾಖೆಯ ಭಾಷೆಯಲ್ಲಿ ಆ ಗಾಡಿ ‘ರನ್ನಿಂಗ್ ಲೇಟ್’. ನಿಂತದ್ದನ್ನು ಓಡುತ್ತಿದೆ ಎಂದು ಹೇಳಿ, ಪಕ್ಕದಲ್ಲಿ ತಡ ಅನ್ನುವುದನ್ನು ಸೇರಿಸಿದರೆ ಸುಳ್ಳೂ ಆಗಲಿಲ್ಲ, ನಿಜವೂ ಆಗಲಿಲ್ಲ. ಮೊಬೈಲಿನಲ್ಲಿ ಗಾಡಿ ಎಲ್ಲಿ ನಿಂತಿದೆ ಅಂತ ತಿಳಿಯಲು ಒತ್ತಬೇಕಾದ ಗುಂಡಿಯ ಹೆಸರು ‘ರನ್ನಿಂಗ್ ಸ್ಟೇಟಸ್’.

ರೈಲ್ವೆಯ ಅಸಲಿ ರತ್ನ ಇದಲ್ಲ. ದೊಡ್ಡ ಜಂಕ್ಷನ್ನುಗಳಲ್ಲಿ ಪ್ಲಾಟ್‌ಫಾರಂ ದಾಟಿ ಆಚೆ ಹೋದರೆ ಬೇವಿನ ಮರದ ಹಿಂದೆ ಒಂದು ಹಳೆಯ ಕಟ್ಟಡ ಸಿಗುವುದುಂಟು. ಮೇಲೆ ಬೋರ್ಡು: ‘ರನ್ನಿಂಗ್ ರೂಮ್’. ಒಳಗೆ ಏನು ನಡೆಯುತ್ತದೆ? ಸಾಲು ಮಂಚ, ಸೊಳ್ಳೆಪರದೆ, ಎಳೆದ ಕಿಟಕಿಪರದೆ, ಗೊರಕೆ. ರಾತ್ರಿಯೆಲ್ಲ ಗಾಡಿ ಓಡಿಸಿಕೊಂಡು ಬಂದ ಲೋಕೋ ಪೈಲಟ್ಟುಗಳು, ಗಾರ್ಡುಗಳು ಹಗಲು ನಿದ್ದೆ ಮಾಡುವ ಜಾಗ ಅದು. ಇವರು ಇಲಾಖೆಯ ಲೆಕ್ಕದಲ್ಲಿ ‘ರನ್ನಿಂಗ್ ಸ್ಟಾಫ್’, ಇವರಿಗೆ ಕಿಲೋಮೀಟರಿನ ಲೆಕ್ಕದಲ್ಲಿ ಸಿಗುವುದು ‘ರನ್ನಿಂಗ್ ಅಲೊವೆನ್ಸ್’. ಇಡೀ ಭಾರತದಲ್ಲಿ ಯಾರೂ ಓಡಕೂಡದು, ಚಪ್ಪಲಿ ಸಪ್ಪಳವನ್ನೂ ಮಾಡಕೂಡದು ಎಂದು ನಿಯಮವಿರುವ ಕೋಣೆ ಒಂದಿದ್ದರೆ ಅದು ಈ ರನ್ನಿಂಗ್ ರೂಮು. ರೈಲ್ವೆಯವರನ್ನು ನಾನು ಹಂಗಿಸುತ್ತಿಲ್ಲ. ರನ್ನಿನ ಹೆಸರಿನಲ್ಲಿ ಸಂಬಳ ತೆಗೆದುಕೊಳ್ಳುವವರಲ್ಲಿ ನಿಜವಾಗಿ ದಣಿದು ಮಲಗುವವರು ಇವರೊಬ್ಬರೇ.

ಲೋಕೋಪಯೋಗಿ ಇಲಾಖೆಯ ರನ್ನಿಗೆ ಅಂಥ ದಣಿವಿಲ್ಲ. ಅಲ್ಲಿ ಅದರ ಹೆಸರು ‘ಆರ್.ಎ. ಬಿಲ್’, ಬಿಡಿಸಿ ಹೇಳಿದರೆ ರನ್ನಿಂಗ್ ಅಕೌಂಟ್ ಬಿಲ್ಲು. ಕಾಮಗಾರಿ ಪೂರ್ತಿಯಾಗುವ ತನಕ ಗುತ್ತಿಗೆದಾರನಿಗೆ ಉಪವಾಸ ಇರಲಾಗುತ್ತದೆಯೇ? ಆದಷ್ಟು ಕೆಲಸವನ್ನು ಎಂಜಿನಿಯರು ಅಳೆದು ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಬರೆಯಬೇಕು. ಆ ಅಳತೆಯ ಮೇಲೆ ಫಸ್ಟ್ ಆರ್.ಎ., ಸೆಕೆಂಡ್ ಆರ್.ಎ., ಥರ್ಡ್ ಆರ್.ಎ. ಅಂತ ಕಂತುಕಂತಾಗಿ ದುಡ್ಡು. ವ್ಯವಸ್ಥೆ ಸರಿಯಾಗಿಯೇ ಇದೆ. ಆದರೆ ತಾಲ್ಲೂಕು ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ನಿಂತು ಕೇಳಿಸಿಕೊಳ್ಳಿ. “ಕೆಲ್ಸ ಎಲ್ಲಿಗೆ ಬಂತು?” “ನಿಂತೋಗಿದೆ ಸಾರ್.” “ಬಿಲ್ಲು?” “ಅದು ರನ್ನಿಂಗು.” ಎಂ.ಬಿ. ಬರೆಸುವುದೇ ಒಂದು ಪ್ರತ್ಯೇಕ ಕಾಮಗಾರಿ, ಅದಕ್ಕೆ ಬೇಕಾದ ಸಿಮೆಂಟು ಜಲ್ಲಿ ಬೇರೆ. ಇಂಥ ಸಿಮೆಂಟಿನ ಬೆಲೆ ವಿಪರೀತ ಏರಿದೆ ಎಂದು ಗುತ್ತಿಗೆದಾರರ ಸಂಘದವರೇ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ದೂರಿಕೊಂಡಿದ್ದನ್ನು ನೀವು ಓದಿರುತ್ತೀರಿ. ಇನ್ನು ಕೆಲಸ ನಿಲ್ಲುವುದೆಂದರೆ ಹೇಗಿರುತ್ತದೆ ಅಂತ ಕಣ್ಣಾರೆ ನೋಡುವ ಆಸೆಯಿದ್ದವರಿಗೆ ಬೆಂಗಳೂರಿನ ಈಜಿಪುರ ಮೇಲ್ಸೇತುವೆ ವರ್ಷಗಟ್ಟಲೆ ಉಚಿತ ಪ್ರದರ್ಶನ ಕೊಟ್ಟಿತು. 2017ರಲ್ಲಿ ಶುರು, 2022ರಲ್ಲಿ ಗುತ್ತಿಗೆ ರದ್ದು. ಎರಡೂವರೆ ಕಿಲೋಮೀಟರ್ ಉದ್ದಕ್ಕೂ ಕಂಬಗಳು ಆಕಾಶಕ್ಕೆ ಕಬ್ಬಿಣ ಚಾಚಿ ನಿಂತಿದ್ದವು. ಓಡಾಡಲು ಕಟ್ಟಿದ್ದು ಓಡದೆ, ಆಡದೆ ನಿಂತಿತು.

ನಮ್ಮ ಜನ ಈ ಪದವನ್ನು ಎಷ್ಟು ಪ್ರೀತಿಯಿಂದ ಒಳಗೆ ಕರೆದುಕೊಂಡಿದ್ದಾರೆ ನೋಡಿ. ಗ್ರಾನೈಟಿನವನು ಬೆಲೆ ಹೇಳುವುದು ‘ರನ್ನಿಂಗ್ ಫೀಟ್’ ಲೆಕ್ಕದಲ್ಲಿ, ಕಲ್ಲು ಬಿದ್ದಲ್ಲೇ ಬಿದ್ದಿರುತ್ತದೆ. ಮಗುವಿಗೆ ವಯಸ್ಸೆಷ್ಟು ಅಂದರೆ “ನಾಲ್ಕು ಮುಗ್ದು ಐದು ರನ್ನಿಂಗ್”. ಹದಿನೈದು ವರ್ಷದ ಹಳೆಯ ಸ್ಕೂಟರ್ ಮಾರುವವನು ಅದಕ್ಕೆ ‘ರನ್ನಿಂಗ್ ಕಂಡೀಷನ್’ ಅಂತ ಸರ್ಟಿಫಿಕೇಟು ಕೊಡುತ್ತಾನೆ, ಆದರೆ ಕಿಕ್ಕರ್ ಒದೆಯುತ್ತ ಬೆವರುವವರು ನಾವು. ಬಾಡಿಗೆ ಮನೆಯ ಜಾಹೀರಾತಿನಲ್ಲಿ ‘24 ಗಂಟೆ ರನ್ನಿಂಗ್ ವಾಟರ್’ ಅಂತಿರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಕೈಕೊಟ್ಟಾಗ ನೀರು ನಿಜಕ್ಕೂ ರನ್ನಿಂಗ್ ಆಗಿತ್ತು, ಟ್ಯಾಂಕರಿನಲ್ಲಿ, ಬೀದಿಬೀದಿ. ಮೂಲ ಅರ್ಥಕ್ಕೆ ಇಷ್ಟು ನಿಷ್ಠೆ ತೋರಿದವರು ಟ್ಯಾಂಕರಿನವರು ಬಿಟ್ಟರೆ ಯಾರೂ ಇಲ್ಲ.

ಈ ರನ್ ಬರುವುದಕ್ಕೂ ಮೊದಲು ನಾವು ಏನು ಮಾಡುತ್ತಿದ್ದೆವು? ಕನ್ನಡದವರು ಓಡುವವರಲ್ಲ, ನಡೆಯುವವರು. ಇಂಗ್ಲಿಷಿನವನು ಸರ್ಕಾರವನ್ನು, ಅಂಗಡಿಯನ್ನು, ಶಾಲೆಯನ್ನು ಓಡಿಸುತ್ತಾನೆ. ನಾವು ಅಷ್ಟನ್ನೂ ನಡೆಸುತ್ತೇವೆ. ಸಂಸಾರ ನಡೆಸುತ್ತೇವೆ, ಜಾತ್ರೆ ನಡೆಸುತ್ತೇವೆ, ಧಾರವಾಡದ ಕಡೆ ಕ್ಷೇಮ ಕೇಳಿದರೆ “ನಡದದ ನೋಡ್ರಿ” ಎನ್ನುತ್ತಾರೆ. ಇಲ್ಲಿ ಓಡುತ್ತಿದ್ದುದು ಸಿನಿಮಾ. ‘ಬಂಗಾರದ ಮನುಷ್ಯ’ ಎರಡು ವರ್ಷ ಓಡಿತು, ಅದೂ ಒಂದೇ ಥಿಯೇಟರಿನಲ್ಲಿ, ಜನ ಕೂತು ನೋಡಿದ್ದಕ್ಕೆ. ಈಗ ಮೂರನೇ ದಿನಕ್ಕೆ ಯಶಸ್ವಿ ಪ್ರದರ್ಶನದ ಪೋಸ್ಟರು ಬೀಳುತ್ತದೆ, ನಾಲ್ಕನೇ ದಿನಕ್ಕೆ ಥಿಯೇಟರಿನಿಂದ ಚಿತ್ರವೂ ಓಡಿರುತ್ತದೆ.

ನಡೆಸುವುದರಲ್ಲಿ ಒಂದು ತೊಂದರೆ ಉಂಟು. ಪೊಲೀಸರು ತನಿಖೆ ನಡೆಸುತ್ತಾರೆ, ಆರೋಪಿ ಓಡುತ್ತಾನೆ. ಸಿಗುವುದು ಹೇಗೆ? ನಮ್ಮೂರಿನ ದೊಡ್ಡ ಮನುಷ್ಯರೊಬ್ಬರು 2016ರ ಮಾರ್ಚ್ ತಿಂಗಳಲ್ಲಿ ಲಂಡನ್ನಿಗೆ ಹೊರಟರು. ಬ್ಯಾಂಕುಗಳ ಸಾವಿರಾರು ಕೋಟಿ ಬಾಕಿಯಿತ್ತು. 2019ರಲ್ಲಿ ಮುಂಬೈ ನ್ಯಾಯಾಲಯ ಅವರನ್ನು ದೇಶಭ್ರಷ್ಟ ಆರ್ಥಿಕ ಅಪರಾಧಿ ಎಂದು ಘೋಷಿಸಿತು. ಪತ್ರಿಕೆಗಳು ‘ಪರಾರಿ’ ಅಂದವು, ಇಂಗ್ಲಿಷಿನವು ‘ಆನ್ ದ ರನ್’ ಅಂದವು. ಅದೇ ಹೊತ್ತಿಗೆ ಟೀವಿಯಲ್ಲಿ ನೋಡಿದರೆ ಅವರು ಇಂಗ್ಲೆಂಡಿನ ಮೈದಾನದಲ್ಲಿ ಹಾಯಾಗಿ ಕೂತು ಭಾರತದ ಕ್ರಿಕೆಟ್ ಪಂದ್ಯ ನೋಡುತ್ತಿದ್ದರು. ರನ್ನಿನಲ್ಲಿರುವವರು ರನ್ ಎಣಿಸುತ್ತಿದ್ದರು, ಸಾಲ ಕೊಟ್ಟ ಬ್ಯಾಂಕಿನವರು ಕೋರ್ಟಿನಿಂದ ಕೋರ್ಟಿಗೆ ಓಡುತ್ತಿದ್ದರು.

ಚುನಾವಣೆಯಲ್ಲಿ ಮಾತ್ರ ನಮ್ಮ ಭಾಷೆ ಅಮೆರಿಕದವರಿಗಿಂತ ಪ್ರಾಮಾಣಿಕ. ಅಲ್ಲಿ ಅಧ್ಯಕ್ಷಗಿರಿಗೆ ‘ರನ್’ ಮಾಡುತ್ತಾರೆ. ಜೊತೆಗಾರನಿಗೆ ‘ರನ್ನಿಂಗ್ ಮೇಟ್’ ಅನ್ನುತ್ತಾರೆ. ಅದು ಮೊದಲಿಗೆ ರೇಸಿನಲ್ಲಿ ಒಂದೇ ಲಾಯದ ದೊಡ್ಡ ಕುದುರೆಗೆ ವೇಗ ಹೊಂದಿಸಿ ಕೊಡಲು ಬಿಡುತ್ತಿದ್ದ ಇನ್ನೊಂದು ಕುದುರೆಯ ಹೆಸರು. ಉಪಾಧ್ಯಕ್ಷ ಹುದ್ದೆಯ ಘನತೆ ಅಷ್ಟಕ್ಕೆ ಅರ್ಥವಾಗುತ್ತದೆ. ಬ್ರಿಟಿಷರು ಓಡುವುದಿಲ್ಲ, ನಿಲ್ಲುತ್ತಾರೆ. ನಾವೂ ಅವರಂತೆ ನಿಲ್ಲುವವರು. “ಈ ಸಲ ಎಲ್ಲಿ ನಿಲ್ತಾರಂತೆ?” ಎಂದು ಕೇಳುತ್ತೇವೆ. ಅಭ್ಯರ್ಥಿ ನಿಲ್ಲುತ್ತಾನೆ, ದುಡ್ಡು ಓಡಾಡುತ್ತದೆ, ಚಲಾಯಿತ ಮತಗಳ ಆರನೇ ಒಂದು ಭಾಗ ಸಿಗದಿದ್ದರೆ ಠೇವಣಿ ಹೋಗುತ್ತದೆ. ಓಡುವ ಸರದಿ ಬರುವುದು ಗೆದ್ದ ಮೇಲೆ. 2019ರ ಜುಲೈನಲ್ಲಿ ನಾವು ನಿಲ್ಲಿಸಿ ಗೆಲ್ಲಿಸಿದ ಒಂದಷ್ಟು ಜನ ಮುಂಬೈ ಹೋಟೆಲಿನ ತನಕ ಓಡಿದ್ದನ್ನು ಟೀವಿಯವರು ರನ್ನಿಂಗ್ ಕಾಮೆಂಟರಿ ಸಮೇತ ತೋರಿಸಿದರು. ಇವರು ಓಡಿದ್ದರಿಂದ ಅಲ್ಲಿಯ ತನಕ ನಡೆಯುತ್ತಿದ್ದ ಸರ್ಕಾರ ಬಿತ್ತು.

ಹಾಗಾದರೆ ಕನ್ನಡ ನಾಡಿನಲ್ಲಿ ಓಡುವುದನ್ನೇ ಕಸುಬು ಮಾಡಿಕೊಂಡವರು ಯಾರೂ ಇರಲಿಲ್ಲವೇ? ಇದ್ದರು. 1672ರಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರು ಅಂಚೆಯನ್ನು ಕಟ್ಟಿದರು. ಅದು 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ವಿಲೀನವಾಗುವ ತನಕ ಎರಡು ಶತಮಾನ ಓಡಿತು, ಮನುಷ್ಯರ ಕಾಲಿನ ಮೇಲೆ. ಹೆಗಲಲ್ಲಿ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಕಾಡುಪ್ರಾಣಿಗಳು ದೂರ ಹೋಗಲಿ ಅಂತ ಆ ಗೆಜ್ಜೆ. ಒಂದು ಠಾಣ್ಯದಿಂದ ಇನ್ನೊಂದಕ್ಕೆ ಓಡಿ, ಅಲ್ಲಿ ಕಾದು ನಿಂತವನಿಗೆ ಚೀಲ ದಾಟಿಸಬೇಕು, ಅವನು ಮುಂದಕ್ಕೆ ಓಡಬೇಕು. ದಾರಿಯಲ್ಲಿ ಕಂಡದ್ದು ಕೇಳಿದ್ದನ್ನು ಅರಮನೆಗೆ ಮುಟ್ಟಿಸುವ ಗೂಢಚಾರಿಕೆಯೂ ಅಂಚೆಯವರ ಪಾಲಿನದೇ. ಈ ಓಟಗಾರನಿಗೆ ಹೆಸರು ‘ಹರಿಕಾರ’. ಫಾರ್ಸಿಯ ‘ಹರ್‌ಕಾರಾ’ದಿಂದ ಬಂದದ್ದು, ಎಲ್ಲ ಕೆಲಸಕ್ಕೂ ಒದಗುವ ಆಳು ಎಂದು ಅರ್ಥ. ಬರಿಗಾಲಿನವನು. ಅವನ ಓಟಕ್ಕೆ ಸಿಕ್ಸರಿನ ರಿಯಾಯಿತಿ ಇರಲಿಲ್ಲ. ರಿಣಾತಿ, ರಿನ್ನನ್, ಇರ್ನನ್ ಎಲ್ಲವೂ ಸೇರಿ ಹುಡುಕುತ್ತಿದ್ದ ಮನುಷ್ಯ ಅವನೇ.

ಆ ಹರಿಕಾರ ಈಗ ಎಲ್ಲಿದ್ದಾನೆ ಅಂತ ಹುಡುಕಲು ಪತ್ರಾಗಾರಕ್ಕೆ ಹೋಗಬೇಕಿಲ್ಲ. ನಿಮ್ಮ ಸರ್ಕಲ್ಲಿಗೆ ಬನ್ನಿ. ಮೂವತ್ತು ಅಡಿ ಎತ್ತರದ ಫ್ಲೆಕ್ಸಿನಲ್ಲಿ ಬಿಳಿ ಅಂಗಿ ತೊಟ್ಟು ಕೈಮುಗಿದು ನಿಂತಿದ್ದಾನೆ. ‘ಅಭಿವೃದ್ಧಿಯ ಹರಿಕಾರ’, ‘ಕ್ಷೇತ್ರದ ನವಯುಗದ ಹರಿಕಾರ’, ಹುಟ್ಟುಹಬ್ಬದ ಶುಭಾಶಯಗಳು. ಸುತ್ತ ಅಂಚೆಚೀಟಿ ಗಾತ್ರದಲ್ಲಿ ನಲವತ್ತು ಅಭಿಮಾನಿಗಳ ಮುಖ. ಚೀಲ ಹೊತ್ತು ಓಡುತ್ತಿದ್ದವನ ಬಿರುದು ಯಾವ ಮಾಯದಲ್ಲೋ ಚೀಲ ತೆಗೆದುಕೊಳ್ಳುವವನ ಪಾಲಾಗಿದೆ. ಒಂದೇ ವ್ಯತ್ಯಾಸ, ಹಳೆಯ ಹರಿಕಾರ ಬಂದರೆ ಪ್ರಾಣಿಗಳು ದಾರಿ ಬಿಡುತ್ತಿದ್ದವು, ಈಗಿನವನು ಬಂದರೆ ಪೊಲೀಸರು ಸೀಟಿ ಊದಿ ನಮ್ಮನ್ನು ಬಿಡಿಸುತ್ತಾರೆ.

ಇವರು ಓಡಿದ ದಾಖಲೆಯೇ ಇಲ್ಲ ಎಂದು ಹೇಳಿದರೆ ಅಪಚಾರವಾದೀತು. 2018ರ ಆಗಸ್ಟ್ ಮೊದಲ ದಿನ ಹೈಕೋರ್ಟು ಬಿಬಿಎಂಪಿಗೆ ಚಾಟಿ ಬೀಸಿ, ನಗರದ ಅಕ್ರಮ ಫ್ಲೆಕ್ಸುಗಳನ್ನು ಕೂಡಲೇ ಕಿತ್ತುಹಾಕಿ ಎಂದಿತು. ಕೆಲವೇ ಗಂಟೆಗಳಲ್ಲಿ ಪಾಲಿಕೆಯವರು ಸಾವಿರಾರು ಫ್ಲೆಕ್ಸುಗಳನ್ನು ಇಳಿಸಿದರು. ಬೆಂಗಳೂರಿನ ಅಷ್ಟೂ ಹರಿಕಾರರು ಅವತ್ತು ಒಟ್ಟಿಗೆ ಓಡಿದರು, ಪಾಲಿಕೆಯ ಲಾರಿಯಲ್ಲಿ, ಒಬ್ಬರ ಮೇಲೊಬ್ಬರು ಮಲಗಿಕೊಂಡು, ಮುಗಿದ ಕೈಯನ್ನು ಬಿಡದೆ.